ಟ್ಯೂಬಿನಲ್ಲಿ ಮೂರು ದಿನಕ್ಕೆ ಸಾಯುವ ಸಿಎಲ್‌ಎಲ್ ಸೆಲ್, ಮೈಯೊಳಗೆ ವರ್ಷಗಟ್ಟಲೆ ಬದುಕೋದು ಯಾರ ಆಸರೆಯಲ್ಲಿ?

ವಿದ್ಯಾನಗರ_ಪಿಜಿ, ದಾವಣಗೆರೆ

ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಅನ್ನೋ ಬಿ-ಸೆಲ್‌ಗಳ (ಒಂದು ಬಗೆಯ ಬಿಳಿ ರಕ್ತಕೋಶ) ಕ್ಯಾನ್ಸರ್ ಬಗ್ಗೆ ಎರಡು ಪ್ರಶ್ನೆ. ಒಂದು ಓದಿಗೆ ಸಂಬಂಧಿಸಿದ್ದು, ಇನ್ನೊಂದು ಕೈಕೆಲಸಕ್ಕೆ.

ಮೊದಲನೆಯದು: ಈ ಸೆಲ್‌ಗಳಲ್ಲಿ ಬಿಸಿಎಲ್-2 ಪ್ರೋಟೀನು ತುಂಬಿ ತುಳುಕುತ್ತೆ, ಅದಕ್ಕೇ ಅವು ಸಾಯಲ್ಲ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಹಾಗಿದ್ದರೆ ರಕ್ತದಿಂದ ತೆಗೆದು ಪ್ಲೇಟಿಗೆ ಹಾಕಿದ ಮೇಲೆ ಎರಡು ಮೂರು ದಿನದಲ್ಲೇ ಯಾಕೆ ಸಾಯುತ್ತವೆ? ರೋಗನಿರೋಧಕ ಸೆಲ್‌ಗಳೇ ಅವನ್ನು ಸಾಕುತ್ತವೆ ಅಂತಾರಲ್ಲ, ಯಾವ ಸೆಲ್, ಏನು ಕೊಟ್ಟು ಸಾಕುತ್ತೆ?

ಎರಡನೆಯದು: ಡಿಸರ್ಟೇಷನ್‌ಗೆ ನರ್ಸ್-ಲೈಕ್ ಸೆಲ್ (ಸಿಎಲ್‌ಎಲ್ ಸೆಲ್‌ಗಳನ್ನು ಸಾಕುವ ಸೆಲ್) ಬೆಳೆಸಬೇಕು. ಎರಡು ಸಲ ಮಾಡಿದರೂ 14ನೇ ದಿನಕ್ಕೆ ಬರೀ ಕಸ. ಮಾಡಿದ್ದು ಇಷ್ಟು: ಚಿತ್ರದುರ್ಗದಿಂದ ಸಂಜೆ ಬಂದ 8 ಎಂಎಲ್ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಹಾಕಿದ ರಕ್ತ, ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಫೈಕಾಲ್ (ಬಿಳಿಕೋಶಗಳನ್ನು ಬೇರ್ಪಡಿಸುವ ದ್ರವ). ರೋಗಿಯ ಡಬ್ಲ್ಯುಬಿಸಿ (ಬಿಳಿಕೋಶದ ಎಣಿಕೆ) ಮೈಕ್ರೋಲೀಟರಿಗೆ 1,80,000. ಆಮೇಲೆ ಬಿ-ಸೆಲ್ ಬೇರ್ಪಡಿಸುವ ಕಿಟ್ ಹಾಕಿದೆ, ಸಿಡಿ19 (ಬಿ-ಸೆಲ್‌ನ ಗುರುತು) ಶುದ್ಧತೆ 98% ಬಂತು. 24 ವೆಲ್ ಪ್ಲೇಟ್, ಎಂಎಲ್‌ಗೆ 20 ಲಕ್ಷ ಸೆಲ್, ಆರ್‌ಪಿಎಂಐ (ಸೆಲ್ ಬೆಳೆಸುವ ದ್ರವ, ಅಂದರೆ ಮೀಡಿಯಂ) ಜೊತೆ 10% ಎಫ್‌ಬಿಎಸ್ (ಹುಟ್ಟದ ಕರುವಿನ ಸೀರಂ). ನಾಲ್ಕನೇ ದಿನಕ್ಕೇ ಮುಕ್ಕಾಲು ಭಾಗ ಸತ್ತಿದ್ದವು. ತಪ್ಪು ಎಲ್ಲಿ?

ರಕ್ತಬೀಜ

ಎರಡನೆಯದಕ್ಕೆ ಲ್ಯಾಬಿನವರು ಬಂದು ಉತ್ತರ ಕೊಡ್ತಾರೆ. ನಿಮ್ಮ ಪೋಸ್ಟ್ ಓದಿದವರಿಗೆ ಈಗಾಗಲೇ ಕೈ ತುರಿಸ್ತಿರುತ್ತೆ. ನಾನು ಮೊದಲನೆಯದಕ್ಕೆ ಬರ್ತೀನಿ.

ಬಿಸಿಎಲ್-2 ತುಂಬಿದೆ ಅನ್ನೋದು ಸರಿ, ಆದರೆ ಅದು ಅರ್ಧ ಕಥೆ. ಆ ಬಿಸಿಎಲ್-2ರ ಬಹುಪಾಲು ಖಾಲಿ ಕೂತಿರಲ್ಲ. ಬಿಐಎಂ ಅನ್ನೋ ಕೊಲೆಗಾರ ಪ್ರೋಟೀನನ್ನು ಹಿಡಿದುಕೊಂಡೇ ಕೂತಿರುತ್ತೆ. ಗೋಣಿಚೀಲದ ತುಂಬ ಚೇಳು ಕಟ್ಟಿಟ್ಟುಕೊಂಡ ಹಾಗೆ. ಬಾಯಿ ಬಿಗಿಯಾಗಿರೋವರೆಗೆ ತೊಂದರೆ ಇಲ್ಲ, ಸ್ವಲ್ಪ ಸಡಿಲ ಆದರೆ ಸಾಕು. ಹಾಗಾಗಿ ಸಿಎಲ್‌ಎಲ್ ಕೋಶ ಸಾವಿಗೆ ದೂರವಾದ ಕೋಶ ಅಲ್ಲ, ಸಾವಿನ ಹೊಸ್ತಿಲಲ್ಲೇ ನಿಂತ ಕೋಶ. ಬಿಸಿಎಲ್-2 ತಡೆಯೋ ವೆನೆಟೋಕ್ಲಾಕ್ಸ್ ಮಾತ್ರೆ ಅಷ್ಟು ಬೇಗ ಕೆಲಸ ಮಾಡೋದೂ ಇದಕ್ಕೇ.

ಚೀಲದ ಬಾಯಿ ಬಿಗಿ ಹಿಡಿಯೋದರಲ್ಲಿ ಎಂಸಿಎಲ್-1 ಅನ್ನೋ ಇನ್ನೊಂದು ಪ್ರೋಟೀನಿನ ಪಾಲು ದೊಡ್ಡದು. ಅದರ ಆಯುಸ್ಸು ತೀರಾ ಕಮ್ಮಿ, ಗಂಟೆಗಳ ಲೆಕ್ಕದಲ್ಲಿ ಕರಗಿಹೋಗುತ್ತೆ. ಕೋಶ ಅದನ್ನು ತಯಾರಿಸ್ತಾನೇ ಇರಬೇಕು, ತಯಾರಿಸೋಕೆ ಹೊರಗಿನಿಂದ ಸಂಕೇತ ಬರ್ತಾನೇ ಇರಬೇಕು. ದುಗ್ಧಗ್ರಂಥಿ (ಲಿಂಫ್ ನೋಡ್), ಗುಲ್ಮ (ಸ್ಪ್ಲೀನ್), ಮಜ್ಜೆಯೊಳಗೆ ಆ ಸಂಕೇತಕ್ಕೆ ಬರ ಇಲ್ಲ. ನಿಮ್ಮ ಪ್ಲೇಟಿನಲ್ಲಿ ಅದು ಸೊನ್ನೆ. ಸಂಕೇತ ನಿಂತಿತು, ಎಂಸಿಎಲ್-1 ಇಳಿಯಿತು, ಚೀಲದ ಬಾಯಿ ಬಿಚ್ಚಿತು. ನಿಮ್ಮ ಮೂರು ದಿನದ ಲೆಕ್ಕ ಅಲ್ಲಿಗೆ ಸರಿಹೋಯ್ತು.

ಸಂಕೇತ ಕೊಡೋರಲ್ಲಿ ಮುಖ್ಯರು ಮೊನೊಸೈಟ್ ಅನ್ನೋ ಬಿಳಿಕೋಶದಿಂದ ಹುಟ್ಟೋ ಮ್ಯಾಕ್ರೋಫೇಜ್‌ಗಳು (ರೋಗಾಣು, ಸತ್ತ ಕೋಶ ನುಂಗೋ ಕೋಶಗಳು). 2000ನೇ ಇಸವಿಯಲ್ಲಿ ಸ್ಯಾನ್ ಡಿಯಾಗೊದ ಥಾಮಸ್ ಕಿಪ್ಸ್ ತಂಡದಿಂದ ಯಾನ್ ಬರ್ಗರ್ ಮತ್ತು ಜೊತೆಗಾರರು 'ಬ್ಲಡ್' ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ರೋಗಿಯ ರಕ್ತದ ಬಿಳಿಕೋಶಗಳನ್ನು ದಟ್ಟವಾಗಿ ಹಾಕಿ ಬಿಟ್ಟರೆ ಒಂದೆರಡು ವಾರದಲ್ಲಿ ತಳಕ್ಕೆ ಅಂಟಿದ ದೊಡ್ಡ ದೊಡ್ಡ ಕೋಶಗಳು ಏಳುತ್ತವೆ, ಅವುಗಳ ಸುತ್ತ ಇರೋ ಸಿಎಲ್‌ಎಲ್ ಕೋಶಗಳು ವಾರಗಟ್ಟಲೆ ಉಳಿಯುತ್ತವೆ. ದಾದಿಯ ಥರ ಆರೈಕೆ ಮಾಡೋದರಿಂದ ನರ್ಸ್-ಲೈಕ್ ಅಂತ ಹೆಸರಾಯ್ತು. ಮುಂದೆ ಇದೇ ಲಕ್ಷಣದ ಕೋಶಗಳು ರೋಗಿಗಳ ಗುಲ್ಮದಲ್ಲೂ ಸಿಕ್ಕವು. ಅಂದರೆ ಇದು ಪ್ಲಾಸ್ಟಿಕ್ಕಿನಲ್ಲಿ ಮಾತ್ರ ನಡೆಯೋ ಚಮತ್ಕಾರ ಅಲ್ಲ.

ಏನು ಕೊಡ್ತವೆ ಅಂದರೆ, ಮೊದಲು ಕರೆಯೋಲೆ. ಸಿಎಕ್ಸ್‌ಸಿಎಲ್12 ಮತ್ತು ಸಿಎಕ್ಸ್‌ಸಿಎಲ್13 ಅನ್ನೋ ಕೀಮೋಕೈನ್‌ಗಳು. ಸಿಎಲ್‌ಎಲ್ ಕೋಶದ ಮೈಮೇಲೆ ಅದಕ್ಕೆ ಸರಿಯಾದ ಗ್ರಾಹಕಗಳಿವೆ, ಕ್ರಮವಾಗಿ ಸಿಎಕ್ಸ್‌ಸಿಆರ್4 ಮತ್ತು ಸಿಎಕ್ಸ್‌ಸಿಆರ್5. ಕರೆದು ಕೂರಿಸಿಕೊಳ್ಳೋದಷ್ಟೇ ಅಲ್ಲ, ಸಿಎಕ್ಸ್‌ಸಿಎಲ್12 ತಾನೇ ಬದುಕುವ ಸಂಕೇತವನ್ನೂ ಕೊಡುತ್ತೆ. ಆಮೇಲೆ ಊಟ: ಬಾಫ್ ಮತ್ತು ಏಪ್ರಿಲ್ ಅನ್ನೋ ಎರಡು ಪ್ರೋಟೀನು. ಇವು ಎನ್‌ಎಫ್-ಕಪ್ಪಾ-ಬಿ ದಾರಿಯನ್ನು ತೆರೆದು ಎಂಸಿಎಲ್-1 ಉತ್ಪಾದನೆ ನಿಲ್ಲದ ಹಾಗೆ ನೋಡಿಕೊಳ್ಳುತ್ತವೆ. ಮೈಗೆ ಮೈ ತಾಗಿಸಿಯೂ ಮಾತಾಡುತ್ತವೆ, ನರ್ಸ್ ಕೋಶದ ಸಿಡಿ31 ಇತ್ತಕಡೆಯ ಸಿಡಿ38ಕ್ಕೆ, ಪ್ಲೆಕ್ಸಿನ್-ಬಿ1 ಇತ್ತಕಡೆಯ ಸಿಡಿ100ಕ್ಕೆ. ಎಲ್ಲಕ್ಕಿಂತ ದೊಡ್ಡದು ಅಂತ ನಾನು ಲೆಕ್ಕ ಹಾಕೋದು ಬಿ-ಸೆಲ್ ಗ್ರಾಹಕದ ಪ್ರಚೋದನೆಯನ್ನ. ಅದು ಒಮ್ಮೆ ಚಾಲೂ ಆದರೆ ಎಸ್‌ವೈಕೆ, ಬಿಟಿಕೆ, ಪಿಐ3ಕೆ-ಡೆಲ್ಟಾ ಅನ್ನೋ ಕಿಣ್ವಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಇವತ್ತಿನ ಹಲವು ಮಾತ್ರೆಗಳು ಬಿದ್ದಿರೋದು ಈ ಸಾಲಿನ ಮೇಲೇ.

ಇಲ್ಲಿ ಬಹಳ ಜನ ಬಿಟ್ಟುಬಿಡೋ ಸಂಗತಿ: ವ್ಯವಹಾರ ಒಂದೇ ಕಡೆಯದಲ್ಲ. ಪ್ರಚೋದನೆ ಸಿಕ್ಕ ಸಿಎಲ್‌ಎಲ್ ಕೋಶ ಸಿಸಿಎಲ್3, ಸಿಸಿಎಲ್4 ಉಗುಳಿ ಇನ್ನಷ್ಟು ಮೊನೊಸೈಟ್ ಮತ್ತು ಟಿ-ಕೋಶಗಳನ್ನು ಕರೆಸಿಕೊಳ್ಳುತ್ತೆ. ಬಂದ ಮೊನೊಸೈಟನ್ನು ತನಗೆ ಬೇಕಾದ ಹಾಗೆ ಪಳಗಿಸೋದೂ ಅದೇ. ಬೇಲಿಯೇ ಎದ್ದು ಹೊಲ ಮೇಯ್ತು ಅಂತ ಇದನ್ನು ವಿವರಿಸೋರಿದಾರೆ. ನನಗೆ ಅದು ಅಷ್ಟು ಸರಿ ಕಾಣಲ್ಲ. ಇಲ್ಲಿ ಬೇಲಿ ಹೊಲ ಮೇಯ್ತಿಲ್ಲ, ಹೊಲಕ್ಕೆ ನುಗ್ಗಿದ ದನಕ್ಕೆ ಮೇವು ಹಾಕ್ತಿದೆ, ಹಾಕೋಕೆ ಕಲಿಸಿದ್ದು ದನವೇ.

ಇನ್ನೊಂದು. ಸಿಎಲ್‌ಎಲ್ ಅಂದರೆ ಸಾಯದೆ ಸುಮ್ಮನೆ ಗುಡ್ಡೆ ಬೀಳೋ ರೋಗ ಅಂತ ಹಳೆಯ ನಂಬಿಕೆ. 2005ರಲ್ಲಿ ರೋಗಿಗಳಿಗೆ ಭಾರಜಲ ಕುಡಿಸಿ ಅಳೆದಾಗ, ದಿನಕ್ಕೆ ಇಡೀ ರೋಗಕೋಶ ಸಮೂಹದ 0.1%ರಿಂದ 1%ಗೂ ಮೀರಿ ಹೊಸದಾಗಿ ಹುಟ್ಟುತ್ತೆ ಅಂತ ಗೊತ್ತಾಯ್ತು. ಆ ಹುಟ್ಟು ನಡೆಯೋದು ಮುಖ್ಯವಾಗಿ ದುಗ್ಧಗ್ರಂಥಿಯ ಪ್ರೊಲಿಫರೇಶನ್ ಸೆಂಟರ್‌ಗಳಲ್ಲಿ. ಅಲ್ಲಿ ಸಿಡಿ4 ಟಿ-ಕೋಶಗಳೂ ಕೈಜೋಡಿಸ್ತವೆ, ಸಿಡಿ40 ಲಿಗ್ಯಾಂಡ್ ಮತ್ತು ಐಎಲ್-4 ಮೂಲಕ. ನರ್ಸ್ ಕೋಶ ಮುಖ್ಯವಾಗಿ ಉಳಿಸುತ್ತೆ, ಬೆಳೆಸೋದರಲ್ಲಿ ಟಿ-ಕೋಶದ ಪಾಲು ದೊಡ್ಡದು. ಡಿಸರ್ಟೇಷನ್‌ನಲ್ಲಿ ಇವೆರಡನ್ನು ಕಲಸಿ ಬರೆದರೆ ವೈವಾದಲ್ಲಿ ಸಿಕ್ಕಿಬೀಳ್ತೀರಿ.

ಫೈಕಾಲ್_ಪದರ

ಎರಡನೇ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬೇಕಂದ್ರೆ: 98% ಶುದ್ಧತೆ ಅಂತ ಖುಷಿಪಟ್ರಲ್ಲ, ಕೆಟ್ಟಿದ್ದು ಅಲ್ಲೇ. ನರ್ಸ್ ಸೆಲ್ ಆಗಬೇಕಾದ ಮೊನೊಸೈಟನ್ನೇ ಕಿಟ್ ಎಳೆದು ಬಿಸಾಕೈತೆ. ಬಿತ್ತನೆ ಬೀಜ ಆರಿಸಿ ಎಸೆದು ಹೊಲಕ್ಕೆ ನೀರು ಬಿಟ್ಟಂಗಾಯ್ತು.

ಲೆಕ್ಕ ಮಾಡಿ ನೋಡ್ರಿ. ನಿಮ್ಮ ರೋಗಿಯ 1,80,000ದಲ್ಲಿ ಮೊನೊಸೈಟ್ 0.4% ಅಂತ ಇಟ್ಕೊಳ್ಳೋಣ. ಎಂಎಲ್‌ಗೆ 1 ಕೋಟಿಯಂತೆ 2 ಎಂಎಲ್, ಅಂದರೆ ವೆಲ್ಲಿಗೆ 2 ಕೋಟಿ ಸೆಲ್ ಹಾಕಿದರೆ 80,000 ಮೊನೊಸೈಟ್ ಸಿಗ್ತವೆ. ನೀವು ಹಾಕಿದ್ದು ಎಂಎಲ್‌ಗೆ 20 ಲಕ್ಷ. ಕಿಟ್ ಬಳಸದೇ ಇದ್ದಿದ್ರೂ 16,000 ಸಿಗ್ತಿತ್ತು. ಕಿಟ್ ಆದಮೇಲೆ ಹತ್ತಿರ ಹತ್ತಿರ ಏನೂ ಇಲ್ಲ. ಡಬ್ಲ್ಯುಬಿಸಿ ಏರಿದಷ್ಟೂ ಮೊನೊಸೈಟಿನ ಪ್ರಮಾಣ ಶೇಕಡಾವಾರು ಬೀಳ್ತದೆ, ಅದಕ್ಕೇ ಭಾರೀ ಕೌಂಟಿನ ಸ್ಯಾಂಪಲ್‌ಗಳು ಎಷ್ಟೋ ಸಲ ಕೈಕೊಡ್ತವೆ. ಮೊನೊಸೈಟ್ ಎಷ್ಟಿದೆ ಅಂತ ಕೌಂಟರ್ ಮೆಷಿನ್ ಹೇಳಿದ್ದನ್ನ ನಂಬಬೇಡ್ರಿ. ಸಿಎಲ್‌ಎಲ್‌ನಲ್ಲಿ ಅದು ಲಿಂಫೋಸೈಟನ್ನೇ ಮೊನೊಸೈಟ್ ಅಂತ ಎಣಿಸಿಬಿಡ್ತದೆ. ಫ್ಲೋದಲ್ಲಿ (ಬಣ್ಣ ಹಾಕಿ ಸೆಲ್ ಎಣಿಸೋ ಫ್ಲೋ ಸೈಟೋಮೀಟರ್) ಮೊನೊಸೈಟಿನ ಗುರುತಾದ ಸಿಡಿ14 ನೋಡಿದರೆ ಮಾತ್ರ ಸರಿ.

ಎರಡನೇ ತಪ್ಪು ಫ್ರಿಜ್. ಈ ಕೆಲಸಕ್ಕೆ ರಕ್ತ ಕೋಣೆಯ ಉಷ್ಣತೆಯಲ್ಲೇ ಇರಬೇಕು, ತೆಗೆದ 24 ಗಂಟೆಯೊಳಗೆ ಫೈಕಾಲ್ ಆಗಬೇಕು. ಅದೇ ದಿನ ಆದರೆ ಇನ್ನೂ ಒಳ್ಳೇದು. ತಣ್ಣಗಿಟ್ಟರೆ ಮೊನೊಸೈಟೇ ಮೊದಲು ಹಾಳಾಗೋದು. ಹಾಗಂತ ಏಪ್ರಿಲ್ ತಿಂಗಳಲ್ಲಿ ದುರ್ಗದಿಂದ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ತರಿಸೋದಲ್ಲ. ಥರ್ಮೋಕೋಲ್ ಡಬ್ಬಿ, ಒಳಗೆ ಕೋಣೆಯ ಉಷ್ಣತೆಗೆ ತಂದ ಜೆಲ್ ಪ್ಯಾಕ್. ಐಸ್ ಬೇಡ.

ಫೈಕಾಲ್ ವಿಚಾರ. ರಕ್ತವನ್ನು ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) ಸಮ ಸಮ ಬೆರೆಸ್ರಿ ಅಂತ ಪುಸ್ತಕದಲ್ಲಿರ್ತದೆ, ಅದು ಮಾಮೂಲಿ ರಕ್ತಕ್ಕೆ. ಕೌಂಟು ಲಕ್ಷ ದಾಟಿದ್ದಕ್ಕೆ ಒಂದು ಭಾಗ ರಕ್ತಕ್ಕೆ ನಾಲ್ಕು ಭಾಗ ಪಿಬಿಎಸ್ ಹಾಕ್ರಿ, ಇಲ್ಲಾಂದ್ರೆ ಪದರ ದಪ್ಪ ಆಗಿ ಮುದ್ದೆ ಕಟ್ಟಿ ಕೆಂಪುರಕ್ತಕಣ ಅದರೊಳಗೆ ಸಿಕ್ಕಿಬೀಳ್ತವೆ. 15 ಎಂಎಲ್ ಟ್ಯೂಬಿಗೆ ಕೆಳಗೆ 3 ಎಂಎಲ್ ಫೈಕಾಲ್, ಮೇಲೆ 4 ಎಂಎಲ್ ತೆಳುಮಾಡಿದ ರಕ್ತ, ಟ್ಯೂಬ್ ಓರೆ ಹಿಡಿದು ಗೋಡೆಗುಂಟ ನಿಧಾನ ಬಿಡಬೇಕು. 400 ಜಿ, 30 ನಿಮಿಷ, 20 ಡಿಗ್ರಿ, ಬ್ರೇಕ್ ಆಫ್. ಬ್ರೇಕ್ ಹಾಕಿದರೆ ಕೊನೇ ಅರ್ಧ ನಿಮಿಷದಲ್ಲಿ ಪದರ ಕದಡಿ ಅರ್ಧ ಗಂಟೆ ಕೆಲಸ ನೀರುಪಾಲು.

400 ಜಿ ಅಂದ್ರೆ ಎಷ್ಟು ಆರ್‌ಪಿಎಂ ಅನ್ನೋದು ನಿಮ್ಮ ಮೆಷಿನ್ನಿನ ರೋಟರ್ ಮೇಲೆ. ತ್ರಿಜ್ಯ 16 ಸೆಂ.ಮೀ. ಇದ್ರೆ ಸುಮಾರು 1,500, 10 ಸೆಂ.ಮೀ. ಇದ್ರೆ 1,900. ಯಾರೋ ಬರೆದ ಪ್ರೊಟೊಕಾಲ್‌ನ ಆರ್‌ಪಿಎಂ ಹಾಗೇ ನಕಲು ಹೊಡೀಬೇಡ್ರಿ. ಫೈಕಾಲ್‌ನ ಸಾಂದ್ರತೆ 1.077 ಇರೋದು 20 ಡಿಗ್ರಿಯಲ್ಲಿ. ಫ್ರಿಜ್‌ನಿಂದ ತೆಗೆದು ನೇರ ಬಳಸಿದರೆ ಪದರದಲ್ಲಿ ಕೆಂಪು ಉಳೀತದೆ. ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೇಲಿ 35 ಡಿಗ್ರಿಗೆ ಏರಿದ್ರೆ ಇಳುವರಿ ಬೀಳ್ತದೆ. ಎರಡೂ ಕಷ್ಟಾನೇ.

ಪದರ ತೆಗೆದು ಪಿಬಿಎಸ್‌ನಲ್ಲಿ ಎರಡು ಸಲ ತೊಳೀರಿ, 300 ಜಿ, 10 ನಿಮಿಷ. ಯಾವ ಕಿಟ್ಟೂ ಬೇಡ. ಆರ್‌ಪಿಎಂಐ-1640, 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಿದ ಎಫ್‌ಬಿಎಸ್ 10%, ಗ್ಲುಟಮಿನ್ 2 ಮಿಲಿಮೋಲಾರ್, ಪೆನ್-ಸ್ಟ್ರೆಪ್. ಎಂಎಲ್‌ಗೆ 1 ಕೋಟಿ, 24 ವೆಲ್ ಪ್ಲೇಟಿನ ಪ್ರತಿ ವೆಲ್ಲಿಗೆ 2 ಎಂಎಲ್. ಅಂಚಿನ ವೆಲ್‌ಗಳಿಗೆ ಸೆಲ್ ಹಾಕಬೇಡ್ರಿ, ಬರೀ ಸ್ಟೆರೈಲ್ ಪಿಬಿಎಸ್ ತುಂಬಿಸ್ರಿ. 14 ದಿನ ಅಂದ್ರೆ ಅಂಚಿನವು ಆರಿ ಉಪ್ಪು ಏರ್ತದೆ. ಇನ್‌ಕ್ಯುಬೇಟರಿನ ನೀರಿನ ತಟ್ಟೆ ಖಾಲಿ ಆಗದಂಗೆ ನೋಡ್ರಿ. 37 ಡಿಗ್ರಿ, 5% ಸಿಒ2.

ಆಮೇಲೆ ಕೈಕಟ್ಟಿ ಕೂರೋದೇ ಕಷ್ಟದ ಕೆಲಸ. ಮೊದಲ ಮೂರ್ನಾಲ್ಕು ದಿನ ಬಹಳ ಸೆಲ್ ಸಾಯ್ತವೆ, ಮೀಡಿಯಂ ಹಳದಿ ತಿರುಗ್ತದೆ, ಗಾಬರಿ ಬೀಳಬಾರದು. ದಿನಾ ಪ್ಲೇಟ್ ತೆಗೆದು ಅಲ್ಲಾಡಿಸಿ ನೋಡೋ ಚಟ ಬಿಡ್ರಿ. 7ನೇ ದಿನ ತೀರಾ ಹಳದಿ ಇದ್ರೆ ಮೇಲಿನಿಂದ 1 ಎಂಎಲ್ ನಿಧಾನ ತೆಗೆದು ಬೆಚ್ಚಗಿನ ಹೊಸ ಮೀಡಿಯಂ 1 ಎಂಎಲ್ ಗೋಡೆಗುಂಟ ಬಿಡಿ. ಪೂರ್ತಿ ಬದಲಿಸಿದರೆ ಅವು ತಾವೇ ಮಾಡಿಕೊಂಡ ಸಾಮಾನೆಲ್ಲ ಸಿಂಕಿಗೆ ಹೋಗ್ತದೆ.

5ರಿಂದ 7ನೇ ದಿನದೊಳಗೆ ತಳದಲ್ಲಿ ದೊಡ್ಡ ಸೆಲ್ ಕಾಣೋಕೆ ಶುರು, 14ಕ್ಕೆ ಸ್ಪಷ್ಟ. ಇನ್ವರ್ಟೆಡ್ ಮೈಕ್ರೋಸ್ಕೋಪಿನಲ್ಲಿ 20 ಎಕ್ಸ್ ಹಾಕಿ ನೋಡಿದ್ರೆ ಕೆಲವು ದುಂಡಗೆ ಹರಡಿಕೊಂಡಿರ್ತವೆ, ಕೆಲವು ಕದಿರಿನಂಗೆ ಎರಡೂ ಕಡೆ ಚೂಪು. ಸುತ್ತ ಸಣ್ಣ, ಹೊಳೆಯೋ ಸಿಎಲ್‌ಎಲ್ ಸೆಲ್‌ಗಳು ಹೇಂಟೆ ಸುತ್ತ ಮರಿ ಕೂತಂಗೆ. ದೊಡ್ಡದರಿಂದ ದೂರ ಇರೋ ಕಡೆ ಬರೀ ಕಪ್ಪು ಮುದುಡಿದ ಹೆಣಗಳು. ಆ ಒಂದು ನೋಟ ಸಿಕ್ರೆ ಥೀಸಿಸ್ಸಿಗೆ ಫೋಟೋ ಸಿಕ್ಕಂಗೆ.

ವಿದ್ಯಾನಗರ_ಪಿಜಿ, ದಾವಣಗೆರೆ

ಧನ್ಯವಾದ ಸರ್. ಕಿಟ್ ಬಗ್ಗೆ ತಲೆಗೇ ಹೊಳೆದಿರಲಿಲ್ಲ. ಮೂರು ಸಂಶಯ. ಮೊನೊಸೈಟ್ ತೀರಾ ಕಮ್ಮಿ ಇರೋ ಸ್ಯಾಂಪಲ್‌ಗೆ ಆರೋಗ್ಯವಂತರ ಮೊನೊಸೈಟ್ ಸೇರಿಸಬಹುದಾ? ಎದ್ದದ್ದು ನರ್ಸ್-ಲೈಕ್ ಸೆಲ್ಲೇ, ಸಾದಾ ಮ್ಯಾಕ್ರೋಫೇಜ್ ಅಲ್ಲ ಅಂತ ಹೇಗೆ ತೋರಿಸೋದು? ಕೊನೆಗೆ, ಅನೆಕ್ಸಿನ್-ವಿ ಮತ್ತು ಪಿಐ (ಸಾಯುತ್ತಿರುವ, ಸತ್ತ ಸೆಲ್ ಗುರುತಿಸುವ ಬಣ್ಣಗಳು) ಹಾಕಿ ಶೇಕಡಾವಾರು ಬದುಕಿದವು ಎಷ್ಟು ಅಂತ ತೋರಿಸಿದರೆ ಸಾಕಲ್ವಾ?

ಫೈಕಾಲ್_ಪದರ

ಸೇರಿಸಬಹುದು. ಆರೋಗ್ಯವಂತರ ಸಿಡಿ14 ಸೆಲ್‌ಗಳೂ ಸಿಎಲ್‌ಎಲ್ ಸೆಲ್ ಜೊತೆ ಇಟ್ರೆ ಅದೇ ರೂಪ ತಾಳ್ತವೆ, ಇದು ಹಳೇ ಕೆಲಸದಲ್ಲೇ ತೋರಿಸಿರೋದು. ಆದರೆ ಎಥಿಕ್ಸ್ ಕಮಿಟಿ ಅರ್ಜಿಯಲ್ಲಿ ದಾನಿಯ ರಕ್ತದ್ದೂ ಒಪ್ಪಿಗೆ ಪತ್ರ ಇರಬೇಕು, ರೋಗಿಯದ್ದು ಮಾತ್ರ ಇದ್ರೆ ಆಮೇಲೆ ತಿದ್ದುಪಡಿಗೆ ಓಡಾಡಬೇಕಾಗ್ತದೆ. ಆರೋಗ್ಯವಂತರ ಮೊನೊಸೈಟ್ ಒಂಟಿಯಾಗಿ ಬೆಳೆಸಿದ ವೆಲ್ ಒಂದು ಕಂಟ್ರೋಲ್ ಇಟ್ಕೊಳ್ರಿ, ಎರಡನೇ ಸಂಶಯಕ್ಕೆ ಅರ್ಧ ಉತ್ತರ ಅಲ್ಲೇ ಸಿಗ್ತದೆ. ಉಳಿದರ್ಧ ಮಾರ್ಕರು: ಸಿಡಿ14 ಇಳಿದಿರಬಹುದು, ಅದನ್ನೇ ನೆಚ್ಚಿಕೊಂಡ್ರೆ ಏನೂ ಇಲ್ಲ ಅನಿಸ್ತದೆ. ಸಿಡಿ68 ಒಳಗಡೆ ಬಣ್ಣ ಹಾಕಿ ನೋಡ್ರಿ, ಅದು ಜೋರಾಗಿರ್ತದೆ. ಜೊತೆಗೆ ಸಿಡಿ163, ಸಿಡಿ206. ಇನ್ನು ಹೆಸರಿಗೆ ತಕ್ಕ ಕೆಲಸ ಮಾಡ್ತದಾ ಅನ್ನೋದೇ ಕೊನೇ ಪರೀಕ್ಷೆ.

ಆ ಪರೀಕ್ಷೆಗೆ 14ನೇ ದಿನ ಬೆಚ್ಚಗಿನ ಮೀಡಿಯಂನಲ್ಲಿ ತೇಲೋ ಸೆಲ್‌ಗಳನ್ನ ಎರಡು ಮೂರು ಸಲ ಮೆಲ್ಲಗೆ ತೊಳೆದು ತೆಗೀರಿ. ತಣ್ಣಗಿನದು ಬಳಸಿದರೆ ನರ್ಸ್ ಸೆಲ್ಲೂ ಕಿತ್ತು ಬರ್ತದೆ. ಆಮೇಲೆ ಅದೇ ರೋಗಿಯ, ಮೊದಲ ದಿನವೇ 10% ಡಿಎಂಎಸ್‌ಒನಲ್ಲಿ ಫ್ರೀಜ್ ಮಾಡಿಟ್ಟ ಸಿಎಲ್‌ಎಲ್ ಸೆಲ್ ಎಂಎಲ್‌ಗೆ 30 ಲಕ್ಷದಂತೆ ಹಾಕ್ರಿ. ಪಕ್ಕದಲ್ಲಿ ಒಂಟಿ ಸಿಎಲ್‌ಎಲ್ ವೆಲ್. 24, 48, 72 ಗಂಟೆ. ನಿಮ್ಮ ಶುದ್ಧೀಕರಣ ಕಿಟ್ ಬಳಸೋ ಜಾಗ ಇದು, ಮೊದಲ ದಿನದ್ದಲ್ಲ.

ಕಲ್ಲಿನಕೋಟೆ, ಚಿತ್ರದುರ್ಗ

ಮೂರನೇ ಸಂಶಯಕ್ಕೆ: ಸಾಲದು. ಈ ಪ್ರಯೋಗದಲ್ಲಿ ಶೇಕಡಾವಾರು ಅನ್ನೋದು ಸುಳ್ಳು ಹೇಳುತ್ತೆ, ಅದೂ ನಿಮಗೆ ಇಷ್ಟವಾಗುವ ದಿಕ್ಕಿನಲ್ಲೇ.

ಕಾರಣ ಇದು. ನರ್ಸ್-ಲೈಕ್ ಸೆಲ್ ಹೇಗಿದ್ದರೂ ಮ್ಯಾಕ್ರೋಫೇಜ್ ಕುಲದ್ದು, ಹೆಣ ತಿನ್ನುವ ಕಸುಬು ಬಿಟ್ಟಿರುವುದಿಲ್ಲ. ಸತ್ತ ಸಿಎಲ್‌ಎಲ್ ಸೆಲ್‌ಗಳನ್ನು ನುಂಗಿಹಾಕುತ್ತದೆ. ಹಾಗಾಗಿ ನೀವು ಪಿಪೆಟ್ಟಿನಲ್ಲಿ ಎತ್ತಿದ ದ್ರವದಲ್ಲಿ ಹೆಣಗಳೇ ಕಡಿಮೆ, ಬದುಕಿದವರ ಶೇಕಡಾವಾರು ತಾನಾಗಿ ಏರುತ್ತದೆ. ಸುಮ್ಮನೆ ತೋರಿಸಲಿಕ್ಕೆ ಒಂದು ಕಾಲ್ಪನಿಕ ಲೆಕ್ಕ: ಎರಡೂ ವೆಲ್ಲಿಗೆ 30 ಲಕ್ಷ ಹಾಕಿದಿರಿ. 72 ಗಂಟೆಗೆ ಒಂಟಿ ವೆಲ್ಲಿನಲ್ಲಿ ಸಿಕ್ಕಿದ್ದು 20 ಲಕ್ಷ, ಅದರಲ್ಲಿ 45% ಜೀವಂತ, ಅಂದರೆ 9 ಲಕ್ಷ. ನರ್ಸ್ ಇದ್ದ ವೆಲ್ಲಿನಲ್ಲಿ ಸಿಕ್ಕಿದ್ದು 12 ಲಕ್ಷ, 85% ಜೀವಂತ, ಅಂದರೆ 10.2 ಲಕ್ಷ. ಗ್ರಾಫಿನಲ್ಲಿ 45ಕ್ಕೆ 85, ನೋಡಿದವರು ಹುಬ್ಬೇರಿಸುತ್ತಾರೆ. ನಿಜವಾಗಿ ಉಳಿದ ತಲೆ ಎಣಿಸಿದರೆ ವ್ಯತ್ಯಾಸ ಒಂದು ಲಕ್ಷ ಚಿಲ್ಲರೆ.

ಆದ್ದರಿಂದ ಫ್ಲೋ ಟ್ಯೂಬಿಗೆ ಎಣಿಕೆಯ ಬೀಡ್ಸ್ ಹಾಕಿ, ಇಷ್ಟು ಮೈಕ್ರೋಲೀಟರಿಗೆ ಇಷ್ಟು ಜೀವಂತ ಸಿಡಿ19-ಸಿಡಿ5 (ಅಂದರೆ ಸಿಎಲ್‌ಎಲ್) ಸೆಲ್ ಎಂದು ಸಂಖ್ಯೆಯಲ್ಲೇ ಕೊಡಿ. ಬೀಡ್ಸ್ ದುಬಾರಿ ಎನಿಸಿದರೆ ಟ್ರೈಪಾನ್ ಬ್ಲೂ ಹಾಕಿ ಚೇಂಬರಿನಲ್ಲಿ ಎಣಿಸಿ, ಬೇಸರದ ಕೆಲಸ, ಆದರೆ ಪ್ರಾಮಾಣಿಕ. ಉಲ್ಟಾ ತಪ್ಪೂ ಇದೆ: ಜೀವಂತ ಸಿಎಲ್‌ಎಲ್ ಸೆಲ್‌ಗಳು ನರ್ಸ್ ಸೆಲ್‌ಗೆ ಗಟ್ಟಿಯಾಗಿ ಅಂಟಿಕೊಂಡು ತಳದಲ್ಲೇ ಉಳಿಯುತ್ತವೆ. ತೇಲುವುದನ್ನು ಮಾತ್ರ ಎಣಿಸಿದರೆ ಬದುಕಿದವರನ್ನೇ ಬಿಟ್ಟಂತೆ. ಒಂದೇ ವೆಲ್ಲಿನಿಂದ ತೇಲುವ ಭಾಗ, ಅಂಟಿದ ಭಾಗ ಎರಡನ್ನೂ ಬೇರೆ ಬೇರೆ ಎಣಿಸಿ ಕೂಡಿಸಿ. ಫ್ಲೋದಲ್ಲಿ ಗೇಟ್ ಹಾಕುವಾಗ (ಬೇಕಾದ ಸೆಲ್ ಆರಿಸುವಾಗ) ಡಬ್ಲೆಟ್, ಅಂದರೆ ಒಂದೇ ಎಂದು ಎಣಿಕೆಯಾದ ಜೋಡಿ ಸೆಲ್, ತೆಗೆಯದಿದ್ದರೆ ಮ್ಯಾಕ್ರೋಫೇಜಿಗೆ ಅಂಟಿದ ಸಿಎಲ್‌ಎಲ್ ಸೆಲ್ ಎಲ್ಲ ಬಣ್ಣದಲ್ಲೂ ಪಾಸಿಟಿವ್ ಆಗಿ ಕೂರುತ್ತದೆ. ಮ್ಯಾಕ್ರೋಫೇಜಿನ ಸ್ವಂತ ಹೊಳಪೂ ಜಾಸ್ತಿ, ಬಣ್ಣ ಹಾಕದ ನರ್ಸ್ ಸೆಲ್‌ನ ಒಂದು ಟ್ಯೂಬ್ ಓಡಿಸಿಟ್ಟುಕೊಳ್ಳಿ.

ಟ್ರಾನ್ಸ್‌ವೆಲ್ (ಸಣ್ಣ ರಂಧ್ರಗಳ ಪೊರೆಯಿಂದ ಎರಡು ಸೆಲ್‌ಗಳನ್ನು ಬೇರ್ಪಡಿಸುವ ಇನ್ಸರ್ಟ್) ಬಗ್ಗೆ ನೀವು ಕೇಳಿಲ್ಲ, ಆದರೆ ಗೈಡು ಕೇಳಿಯೇ ಕೇಳುತ್ತಾರೆ. 0.4 ಮೈಕ್ರಾನ್ ಇನ್ಸರ್ಟ್ ಹಾಕಿ ಎರಡನ್ನೂ ಬೇರ್ಪಡಿಸಿದಾಗ ರಕ್ಷಣೆ ಕುಸಿದರೆ 'ಇದು ಮುಟ್ಟುವುದರಿಂದಲೇ ಆಗುವುದು, ಕೀಮೋಕೈನ್ ಅಲ್ಲ' ಎಂದು ಬರೆದುಬಿಡುವವರಿದ್ದಾರೆ. ಸಿಎಕ್ಸ್‌ಸಿಎಲ್12 ದ್ರವದಲ್ಲಿ ತೇಲಾಡಿಕೊಂಡಿರುವುದಕ್ಕಿಂತ ಸೆಲ್‌ನ ಮೈಮೇಲಿನ ಸಕ್ಕರೆ ಸರಪಳಿಗಳಿಗೆ ಅಂಟಿಕೊಂಡಿರುವುದೇ ಹೆಚ್ಚು. ಇನ್ಸರ್ಟ್ ದಾಟಿ ಅದು ಬರದೇ ಹೋದರೆ ಆಶ್ಚರ್ಯವಿಲ್ಲ. ಅದನ್ನು ಬೇರೆಯಾಗಿ ಪರೀಕ್ಷಿಸಬೇಕಿದ್ದರೆ ಇನ್ಸರ್ಟ್ ಇಲ್ಲದ ವೆಲ್ಲಿಗೆ ಸಿಎಕ್ಸ್‌ಸಿಆರ್4 ತಡೆಯುವ ಪ್ಲೆರಿಕ್ಸಾಫೋರ್ ಹಾಕಿ ನೋಡಿ.

ಮಂಡಕ್ಕಿ_ಮೆಣಸಿನಕಾಯಿ

ವಾರ್ಡಿನ ಕಡೆಯಿಂದ ಎರಡು ಮಾತು, ಯಾಕಂದ್ರೆ ಈ ಜೀವಶಾಸ್ತ್ರ ಗೊತ್ತಿಲ್ಲದೆ ಆಗೋ ತಪ್ಪು ದುಬಾರಿ.

ಇಬ್ರುಟಿನಿಬ್ (ಬಿಟಿಕೆ ತಡೆಯೋ ಮಾತ್ರೆ) ಶುರುಮಾಡಿದ ಮೊದಲ ವಾರಗಳಲ್ಲಿ ಕತ್ತಿನ ಗಡ್ಡೆ ಕರಗ್ತಾ ಬರುತ್ತೆ, ಡಬ್ಲ್ಯುಬಿಸಿ ಮಾತ್ರ ಏರುತ್ತೆ. ರಿಪೋರ್ಟ್ ನೋಡಿದ ಮನೆಯವರು ಹೌಹಾರಿ, 'ಮಾತ್ರೆ ಉಲ್ಟಾ ಹೊಡೀತು' ಅಂತ ನಿಲ್ಲಿಸಿಬಿಡ್ತಾರೆ. ಕೆಲವು ಸಲ ಹತ್ತಿರದ ಡಾಕ್ಟರೇ ನಿಲ್ಲಿಸಿರ್ತಾರೆ. ಉಲ್ಟಾ ಹೊಡೆದಿಲ್ಲ. ಬಿಟಿಕೆ ತಡೆದರೆ ಕೀಮೋಕೈನ್ ಕರೆಗೆ ಓಗೊಡೋ ಶಕ್ತಿ, ಅಂಟಿಕೊಳ್ಳೋ ಶಕ್ತಿ ಎರಡೂ ಹೋಗುತ್ತೆ, ನರ್ಸ್ ಕೋಶದ ಮಡಿಲಿಂದ ಕಿತ್ತ ಸಿಎಲ್‌ಎಲ್ ಕೋಶಗಳು ರಕ್ತಕ್ಕೆ ಬೀಳ್ತವೆ. ದುರ್ಗದವರಿಗೆ ಹೇಳೋದಾದರೆ ಏಳುಸುತ್ತಿನ ಕೋಟೆಯೊಳಗಿದ್ದವರು ಬಯಲಿಗೆ ಬಂದರು ಅಂತ. ಬಯಲಲ್ಲಿ ಊಟ ಇಲ್ಲ, ನಿಧಾನಕ್ಕೆ ಸಾಯ್ತಾರೆ. ಇಳಿಯೋಕೆ ತಿಂಗಳುಗಳೇ ಬೇಕಾಗಬಹುದು, ಐಜಿಎಚ್‌ವಿ ಅನ್ನೋ ಜೀನ್ ಮ್ಯುಟೇಟೆಡ್ (ರೂಪಾಂತರಗೊಂಡ) ಆಗಿರೋ ರೋಗಿಗಳಲ್ಲಿ ಇನ್ನೂ ತಡ. ಗಡ್ಡೆ ಇಳೀತಿದೆಯಾ, ಹಿಮೋಗ್ಲೋಬಿನ್ ಪ್ಲೇಟ್‌ಲೆಟ್ ಏರ್ತಿದೆಯಾ ನೋಡಿ. ಅವೆರಡು ಸರಿ ಇದ್ದು ಬರೀ ಲಿಂಫೋಸೈಟ್ ಏರಿದ್ರೆ ಅದನ್ನು ರೋಗ ಉಲ್ಬಣ ಅಂತ ಬರೆಯೋ ಹಾಗಿಲ್ಲ.

ವೆನೆಟೋಕ್ಲಾಕ್ಸ್ ಕಥೆ ಬೇರೆ. ರಕ್ತದಲ್ಲಿರೋದನ್ನು ಅದು ಬೇಗ ಗುಡಿಸುತ್ತೆ. ಗ್ರಂಥಿಯೊಳಗೆ ಆಸರೆ ಸಿಕ್ಕ ಕೋಶದಲ್ಲಿ ಎಂಸಿಎಲ್-1 ಮತ್ತು ಬಿಸಿಎಲ್-ಎಕ್ಸ್‌ಎಲ್ ಏರಿರುತ್ತೆ, ಬಿಸಿಎಲ್-2 ಒಂದನ್ನೇ ತಡೆದರೆ ಅವು ನಿಭಾಯಿಸಿಕೊಳ್ಳುತ್ತವೆ. ಬಿಟಿಕೆ ಮಾತ್ರೆ ಜೊತೆ ಕೊಡೋದರ ತರ್ಕ ಅಲ್ಲಿದೆ: ಒಂದು ಕೋಟೆಯಿಂದ ಹೊರಗೆ ತಳ್ಳುತ್ತೆ, ಇನ್ನೊಂದು ಬಯಲಲ್ಲಿ ಕೊಲ್ಲುತ್ತೆ. ಒಂದೇ ಸಲ ಕೋಟಿಗಟ್ಟಲೆ ಕೋಶ ಒಡೆದರೆ ಕಿಡ್ನಿಗೆ ಪೆಟ್ಟು, ಅದಕ್ಕೇ 20, 50, 100, 200, 400 ಮಿ.ಗ್ರಾಂ. ಅಂತ ವಾರಕ್ಕೊಂದು ಮೆಟ್ಟಿಲು ಏರಿಸೋದು. ಶುರುಮಾಡೋ ಎರಡು ದಿನ ಮುಂಚಿನಿಂದ ದಿನಕ್ಕೆ 6ರಿಂದ 8 ಲೋಟ ನೀರು. ನಮ್ಮ ಕಡೆ ಬೇಸಿಗೆಯಲ್ಲಿ ಬೆವರಿ ಹೋಗೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಇನ್ನೊಂದು ಸ್ಥಳೀಯ ಗಂಡಾಂತರ: ಹುಳುಕಡ್ಡಿಗೆ ಅಂತ ಮೆಡಿಕಲ್ ಶಾಪಿನಿಂದ ಕೇಳಿ ತಂದು ನುಂಗೋ ಇಟ್ರಕೊನಜೋಲ್. ಅದು ಈ ಎರಡೂ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಬಹಳ ಏರಿಸುತ್ತೆ. ಕೇಳದೇ ಇದ್ದರೆ ರೋಗಿ ಹೇಳಲ್ಲ, ಕೇಳಿ.

'ಇಮ್ಯುನಿಟಿ ಹೆಚ್ಚಿಸೋ ಕಷಾಯ ಕೊಡಬಹುದಾ' ಅಂತ ಕೇಳೋರಿಗೆ ಈ ಥ್ರೆಡ್ ತೋರಿಸಬೇಕು ಅನಿಸ್ತು. ಇಲ್ಲಿ ಮ್ಯಾಕ್ರೋಫೇಜಿಗೆ ಶಕ್ತಿ ಕಮ್ಮಿ ಆಗಿರೋದಲ್ಲ ಸಮಸ್ಯೆ, ಅದರ ನಿಷ್ಠೆ ಬದಲಾಗಿರೋದು. ಅದೇ ಮ್ಯಾಕ್ರೋಫೇಜು ರಿಟುಕ್ಸಿಮ್ಯಾಬ್ ಅನ್ನೋ ಪ್ರತಿಕಾಯ ಔಷಧಿ ಅಂಟಿದ ಕೋಶವನ್ನು ಕಂಡರೆ ನುಂಗುತ್ತೆ ಅನ್ನೋದೂ ನಿಜ. ಕೈಗೆ ಯಾವ ಆದೇಶ ಸಿಕ್ಕಿತೋ ಆ ಕೆಲಸ.

ಬಾಪೂಜಿಬಡಾವಣೆ

ಮಕ್ಕಳ ಲ್ಯುಕೇಮಿಯಾಕ್ಕೂ ಇದೇ ಲೆಕ್ಕಾನಾ?

ರಕ್ತಬೀಜ

ಅದೇ ಕೋಶ, ಅದೇ ಸಂಕೇತ ಅಂತ ಎತ್ತಿ ಇಟ್ಟರೆ ತಪ್ಪಾಗುತ್ತೆ. ಮಕ್ಕಳಲ್ಲಿ ಹೆಚ್ಚು ಕಾಣೋ ಬಿ-ಎಎಲ್‌ಎಲ್‌ನಲ್ಲಿ (ಬಿ-ಕೋಶದ ತೀವ್ರ ಲ್ಯುಕೇಮಿಯಾ) ಮುಖ್ಯ ಆಸರೆ ಮಜ್ಜೆಯ ಸ್ಟ್ರೋಮಾ (ಆಧಾರ ಅಂಗಾಂಶದ) ಕೋಶಗಳದ್ದು. ಅವು ರೋಗನಿರೋಧಕ ಕೋಶಗಳೇ ಅಲ್ಲ, ಸಿಎಕ್ಸ್‌ಸಿಎಲ್12 ಮಾತ್ರ ಇಬ್ಬರಿಗೂ ಸಮಾನ. ಟಿ-ಎಎಲ್‌ಎಲ್‌ನಲ್ಲಿ (ಟಿ-ಕೋಶದ್ದು) ನೋಡಿದರೆ ಮತ್ತೆ ಮೈಲಾಯ್ಡ್ ಕೋಶಗಳೇ (ಮ್ಯಾಕ್ರೋಫೇಜ್, ಡೆಂಡ್ರಿಟಿಕ್ ಕೋಶಗಳ ಕುಲ). ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾರೆನ್ ಎರ್ಲಿಕ್ ತಂಡ 2016ರಲ್ಲಿ ಇಲಿಗಳಲ್ಲಿ ತೋರಿಸಿದ ಪ್ರಕಾರ, ಹೊರತೆಗೆದ ಟಿ-ಎಎಲ್‌ಎಲ್ ಕೋಶಗಳು ಒಂಟಿಯಾಗಿ ಸಾಯ್ತವೆ, ಗೆಡ್ಡೆಯೊಳಗಿನ ಡೆಂಡ್ರಿಟಿಕ್ ಕೋಶ ಜೊತೆಗಿದ್ದರೆ ಬದುಕ್ತವೆ. ಅಲ್ಲಿ ಕೆಲಸ ಮಾಡೋದು ಬಾಫ್, ಏಪ್ರಿಲ್ ಅಲ್ಲ, ಐಜಿಎಫ್1 ಗ್ರಾಹಕದ ದಾರಿ. ಅದನ್ನು ತಡೆದರೆ ಜೊತೆಗಾರ ಕೋಶ ಇದ್ದರೂ ಸಾಯ್ತವೆ. ಸಿಎಲ್‌ಎಲ್ ಇಲಿ ಮಾದರಿಯಲ್ಲೂ ಕ್ಲೋಡ್ರೊನೇಟ್ ಲೈಪೋಸೋಮ್ ಕೊಟ್ಟು ಮೊನೊಸೈಟ್, ಮ್ಯಾಕ್ರೋಫೇಜ್ ಖಾಲಿ ಮಾಡಿದಾಗ ರೋಗ ನಿಧಾನ ಆಯ್ತು. ಮನುಷ್ಯರಲ್ಲಿ ಹಾಗೆ ಎಲ್ಲ ಮ್ಯಾಕ್ರೋಫೇಜ್ ತೆಗೆಯೋಕಾಗಲ್ಲ. ಸೋಂಕಿನಿಂದಲೇ ಹೆಚ್ಚು ಬಳಲೋ ರೋಗಿಗಳು ಇವರು.

ವಿದ್ಯಾನಗರ_ಪಿಜಿ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಕಿಟ್ ಇಲ್ಲದೆ, ಎಂಎಲ್‌ಗೆ 1 ಕೋಟಿಯಂತೆ ಸೋಮವಾರ ಹಾಕ್ತೀನಿ. ಒಂದೇ ಒಂದು ಕೊನೇ ಪ್ರಶ್ನೆ. ಅಂಟಿದ ಸೆಲ್ ಬಿಡಿಸೋಕೆ 5 ಮಿಲಿಮೋಲಾರ್ ಇಡಿಟಿಎ ಹಾಕಿದ ಪಿಬಿಎಸ್ ಇಟ್ಟಿದೀನಿ. ಅದರಿಂದ ನೇರ ಅನೆಕ್ಸಿನ್ ಟ್ಯೂಬಿಗೆ ಹಾಕಬಹುದಾ?

ಫೈಕಾಲ್_ಪದರ

ಬೇಡ್ರಿ! ಅನೆಕ್ಸಿನ್ ಅಂಟೋಕೆ ಕ್ಯಾಲ್ಸಿಯಂ ಬೇಕು, ಬೈಂಡಿಂಗ್ ಬಫರಿನಲ್ಲಿ 2.5 ಮಿಲಿಮೋಲಾರ್ ಇರೋದು ಅದಕ್ಕೇ. ನಿಮ್ಮ ಇಡಿಟಿಎ ಅದನ್ನೆಲ್ಲ ಹೀರ್ಕೊಂಡು ಸತ್ತ ಸೆಲ್ಲೂ ಅನೆಕ್ಸಿನ್ ನೆಗೆಟಿವ್ ಅಂತ ತೋರಿಸ್ತದೆ. ಅದೂ ಅಂಟಿದ ಭಾಗದ ಟ್ಯೂಬಿನಲ್ಲಿ ಮಾತ್ರ, ಅಂದ್ರೆ ನರ್ಸ್ ಸೆಲ್ ಜೊತೆಗಿದ್ದವೇ ಜಾಸ್ತಿ ಬದುಕಿದಂಗೆ ಕಾಣ್ತದೆ. ಬಿಡಿಸಿದ ಮೇಲೆ ಕ್ಯಾಲ್ಸಿಯಂ ಇರೋ ಬೈಂಡಿಂಗ್ ಬಫರಿನಲ್ಲೇ ಎರಡು ಸಲ ತೊಳೆದು, ಅದರಲ್ಲೇ ತೇಲಿಸಿ ಬಣ್ಣ ಹಾಕ್ರಿ. ತೇಲೋ ಭಾಗಕ್ಕೂ ಅದೇ ಇಡಿಟಿಎ, ಅಷ್ಟೇ ಹೊತ್ತು, ಅಷ್ಟೇ ತೊಳೆತ.